ಗಾಳಿಕೋವಿಯೂ ನೀರಿನ ಪೈಪೂ

ಕುಮಾರಪಟ್ಟಣದ ಸುತ್ತಿನ ಯಾವ ಹೊಲಕ್ಕೆ ಹೋದರೂ ಪಿ.ವಿ.ಸಿ. ಪೈಪು ಕಣ್ಣಿಗೆ ಬೀಳುತ್ತದೆ. ಅಗ್ಗದ ವಸ್ತು, ಕೊಯ್ಯುವುದೂ ಅಂಟಿಸುವುದೂ ಸುಲಭ. ಆದುದರಿಂದಲೇ ವಿಜ್ಞಾನ ಪ್ರದರ್ಶನಕ್ಕೆಂದು ಗಾಳಿಕೋವಿ ಮಾಡಹೊರಟ ವಿದ್ಯಾರ್ಥಿಯ ಕೈ ಮೊದಲು ಅದರತ್ತಲೇ ಹೋಗುತ್ತದೆ. ಪೈಪಿನ ತುದಿ ಮುಚ್ಚಿ, ಸೈಕಲ್ ಪಂಪಿನಿಂದ ಗಾಳಿ ತುಂಬಿ, ಕವಾಟವನ್ನು ತಟ್ಟನೆ ತೆರೆದರೆ ಕಾಗದದ ಬಾಣ ಹಾರುವುದೇನೋ ನಿಜ. ಆದರೂ ಇದು ಮಾಡಬಾರದ ಕೆಲಸ.

ಪೈಪಿನ ಮೇಲೆಯೇ ಒತ್ತಡದ ಅಂಕಿ ಅಚ್ಚಾಗಿದೆಯಲ್ಲ, ಅದನ್ನು ಮೀರದಿದ್ದರಾಯಿತು ಎಂದು ವಾದಿಸುವವರುಂಟು. ಆ ಅಂಕಿ ನೀರಿಗೆ ಹೇಳಿದ್ದು. ಐ.ಎಸ್. 4985 ಎಂಬ ಭಾರತೀಯ ಮಾನಕವು ನೀರು ಸರಬರಾಜಿನ ಪೈಪುಗಳದು. ಒತ್ತಡ ಒಂದೇ ಆದರೂ ನೀರಿನಲ್ಲಿ ಅಡಗುವ ಶಕ್ತಿ ಬೇರೆ, ಗಾಳಿಯಲ್ಲಿ ಅಡಗುವ ಶಕ್ತಿ ಬೇರೆ. ಕಲಾ ವಿಭಾಗದ ಮಿತ್ರರು ಲೆಕ್ಕ ಬಂತೆಂದು ಹಾಳೆ ತಿರುವಬಾರದು. ಇದು ಚಿಕ್ಕ ಲೆಕ್ಕ. ಒಂದು ಲೀಟರ್ ನೀರನ್ನು ವಾಯುಮಂಡಲದ ಒತ್ತಡಕ್ಕಿಂತ ನಾಲ್ಕು ಪಟ್ಟು ಹೆಚ್ಚಾಗಿ ಒತ್ತಿದರೆ ಅದು ಕುಗ್ಗುವುದೇ ಇಲ್ಲವೆನ್ನಬೇಕು. ಕೂಡಿಡುವ ಶಕ್ತಿ 0.04 ಜೂಲ್‌ನಷ್ಟು. ಅಷ್ಟೇ ಒತ್ತಡದ ಒಂದು ಲೀಟರ್ ಗಾಳಿ ಥಟ್ಟನೆ ಹಿಗ್ಗಿದಾಗ ಬಿಟ್ಟುಕೊಡುವುದು ಸುಮಾರು 250 ಜೂಲ್. ಒಂದು ಕಿಲೋ ಕಲ್ಲನ್ನು 25 ಮೀಟರ್ ಎತ್ತರಕ್ಕೆ ಏರಿಸಲು ಬೇಕಾದ ಶಕ್ತಿ ಅದು! ನೀರಿನ ಪೈಪು ಬಿರಿದರೆ ನೀರು ಚಿಮ್ಮಿ ಒತ್ತಡ ಅಲ್ಲಿಗೇ ಇಳಿಯುತ್ತದೆ. ಗಾಳಿ ತುಂಬಿದ್ದು ಬಿರಿದರೆ ಪೈಪಿನ ಚೂರುಗಳೇ ಗುಂಡುಗಳಾಗುತ್ತವೆ. ಬಿಸಿಲಿನಲ್ಲಿ ವರ್ಷಗಟ್ಟಲೆ ಬಿದ್ದು ಪೆಡಸಾದ ತುಂಡಾದರಂತೂ ಕೇಳುವುದೇ ಬೇಡ.

ಹಾಗಾದರೆ ಪ್ರಯೋಗವನ್ನೇ ಬಿಡಬೇಕೆ? ಬೇಕಿಲ್ಲ. ಗಾಳಿಯನ್ನು ಕೂಡಿಡದೆ, ಬೇಕಾದ ಕ್ಷಣದಲ್ಲಿ ಮಾತ್ರ ಒತ್ತಿದರೆ ಸಾಕು. ತಂಪು ಪಾನೀಯದ ಎರಡು ಲೀಟರ್ ಬಾಟಲಿಯ ಬಾಯಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ತೊಡಿಸಿ, ಅದರ ಇನ್ನೊಂದು ತುದಿಯನ್ನು ಅರ್ಧ ಇಂಚಿನ ಪೈಪಿಗೆ ಬಿಗಿಯಾಗಿ ಕಟ್ಟಬೇಕು. ಪೈಪನ್ನು ಮರದ ಹಲಗೆಗೆ ಓರೆಯಾಗಿ ನಿಲ್ಲಿಸಿ, ಮೇಲ್ತುದಿಗೆ ಕಾಗದದ ಕೊಳವೆಯನ್ನು ಟೊಪ್ಪಿಗೆಯಂತೆ ಹಾಕಿ, ನೆಲದ ಮೇಲಿನ ಬಾಟಲಿಯನ್ನು ಕಾಲಿನಿಂದ ಜೋರಾಗಿ ತುಳಿದರೆ ಬಾಣ ಮೈದಾನ ದಾಟಲು ನೋಡುತ್ತದೆ. ಕೊಳವೆ ಪೈಪಿನ ಮೇಲೆ ಸಡಿಲವಾಗಿ ಜಾರಬೇಕು. ಅಂಟಿ ಕುಳಿತರೆ ಮತ್ತೆ ಒತ್ತಡ ಕೂಡಿದಂತೆಯೇ. ಮೂತಿಯನ್ನು ಬರಿಯ ಕಾಗದವನ್ನೇ ಮಡಿಸಿ ಮಾಡಬೇಕು, ಮೊಳೆಯೂ ಬೇಡ, ಕಲ್ಲೂ ಬೇಡ.

ಅಪಾಯ ಇಲ್ಲಿಯೂ ಒಂದಿದೆ, ಅದು ಯಾರಿಗೂ ಹೊಳೆಯದ ಕಡೆ. ಚಪ್ಪಟೆಯಾದ ಬಾಟಲಿಯನ್ನು ಉಬ್ಬಿಸಲು ಒಬ್ಬನು ಪೈಪಿಗೆ ಬಾಯಿಟ್ಟು ಊದುತ್ತಿರುವಾಗಲೇ ಇನ್ನೊಬ್ಬನು ಉತ್ಸಾಹದಿಂದ ತುಳಿದುಬಿಡುತ್ತಾನೆ. ಆದುದರಿಂದ ಊದುವವನೇ ತುಳಿಯುವವನೂ ಆಗಿರಲಿ. ಉಳಿದವರು ಹಿಂದೆ ನಿಲ್ಲಲಿ. ಬಾಣದ ದಾರಿಯಲ್ಲಿ ಯಾರೂ ಇರಬಾರದು.

ಇನ್ನು ಪಾಠದ ಮಾತು. 30 ಮತ್ತು 60 ಅಂಶಗಳ ಓರೆಯಲ್ಲಿ ಎಸೆದ ವಸ್ತು ಒಂದೇ ದೂರ ಹೋಗುತ್ತದೆಂದು ಪುಸ್ತಕದಲ್ಲಿದೆ. ಹಗುರವಾದ ಕಾಗದದ ಬಾಣವು ಹಾಗೆ ಹೋಗದು. 30ರದ್ದೇ ಮುಂದೆ ಬೀಳುತ್ತದೆ. ಪುಸ್ತಕ ತಪ್ಪಲ್ಲ, ಅದು ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಒಂದೊಂದು ಓರೆಗೂ ಐದೈದು ಸಲ ಹಾರಿಸಿ, ಟೇಪು ಹಿಡಿದು ಅಳೆದು ಸರಾಸರಿ ತೆಗೆದರೆ ಆ ತಡೆ ಅಂಕಿಗಳಲ್ಲಿಯೇ ಕಾಣಿಸಿಕೊಳ್ಳುತ್ತದೆ.