ದುಡಿಯದವರ ದೂರು

ಹಲವರು ಕೂಡಿ ದುಡಿಯುವ ಯಾವುದೇ ಜಾಗದಲ್ಲಿ, ಅದು ಕಚೇರಿಯಾಗಲಿ, ಶಾಲೆಯಾಗಲಿ, ಕಾರ್ಖಾನೆಯಾಗಲಿ, ಕೆಲಸದ ಹೊರೆಗಿಂತಲೂ ಹೆಚ್ಚಾಗಿ ಮನಸ್ಸನ್ನು ದಣಿಸುವ ಸಂಗತಿಯೊಂದಿದೆ. ತನ್ನ ಪಾಲಿನ ಕೆಲಸವನ್ನು ಅರ್ಧಕ್ಕೇ ಬಿಟ್ಟು ಏಳುವ ಸಹೋದ್ಯೋಗಿಯೇ ಸಂಬಳ ಸಾಲದೆಂದೂ, ಮೇಲಿನವರಿಗೆ ಕಣ್ಣಿಲ್ಲವೆಂದೂ, ಇಲ್ಲಿ ದುಡಿದು ದುಡಿದು ಆಯುಷ್ಯ ಸವೆಯಿತೆಂದೂ ದಿನವಿಡೀ ಗೊಣಗುತ್ತಿರುವುದೇ ಆ ಸಂಗತಿ. ಬರಿಯ ಮೈಗಳ್ಳತನವನ್ನು ಪಕ್ಕದವರು ಹೇಗೋ ಸಹಿಸಿಕೊಳ್ಳುತ್ತಾರೆ, ಆದರೆ ಅದಕ್ಕೆ ಗೊಣಗಾಟವೂ ಸೇರಿದಾಗ ಸಹನೆಯ ಕಟ್ಟೆ ಒಡೆಯುತ್ತದೆ. ದೂರುವುದು ನೊಂದವರ ಹಕ್ಕು. ದುಡಿಯದವರೇ ಆ ಹಕ್ಕನ್ನು ಮೊದಲು ಕೈವಶ ಮಾಡಿಕೊಂಡರೆ, ಅವರ ಪಾಲನ್ನೂ ಹೊತ್ತವರಿಗೆ ತಮ್ಮ ದಣಿವನ್ನು ಹೇಳಿಕೊಳ್ಳಲು ಮಾತೇ ಉಳಿಯುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆ ಇಲ್ಲಿ ಅರ್ಧವಷ್ಟೇ ಸಲ್ಲುತ್ತದೆ, ಏಕೆಂದರೆ ನೆಲವನ್ನು ಅವಳು ದೂರುತ್ತಿರುವ ಹೊತ್ತಿಗೆ ಅವಳ ಪಾಲಿನ ಕುಣಿತವನ್ನೂ ಬೇರೊಬ್ಬಳು ಕುಣಿದು ಮುಗಿಸಿರುತ್ತಾಳೆ.

ಗುಂಪಿನಲ್ಲಿದ್ದಾಗ ಒಬ್ಬೊಬ್ಬರ ಶ್ರಮವೂ ಕುಗ್ಗುವ ಈ ಪ್ರವೃತ್ತಿಗೆ ಮನೋವಿಜ್ಞಾನಿಗಳು ಕೊಟ್ಟಿರುವ ಹೆಸರು ಸೋಷಿಯಲ್ ಲೋಫಿಂಗ್. ಗುಂಪಿನ ಮೈಗಳ್ಳತನ ಎಂದರೆ ಅದರ ಅರ್ಥ ಕನ್ನಡದಲ್ಲಿ ಸರಿಯಾಗಿಯೇ ಬರುತ್ತದೆ. ಇದನ್ನು ಮೊದಲು ಅಳೆದು ನೋಡಿದವರು ಮನೋವಿಜ್ಞಾನಿಯಲ್ಲ, ಕೃಷಿ ಎಂಜಿನಿಯರಿಂಗ್‌ನಲ್ಲಿ ಪರಿಣತರಾಗಿದ್ದ ಫ್ರಾನ್ಸಿನ ಮ್ಯಾಕ್ಸ್ ರಿಂಗೆಲ್ಮನ್. ಎತ್ತು, ಕುದುರೆ, ಯಂತ್ರ ಮತ್ತು ಮನುಷ್ಯ ಇವರಲ್ಲಿ ಯಾರಿಂದ ಎಷ್ಟು ಕೆಲಸವಾಗುತ್ತದೆ ಎಂದು ತಿಳಿಯಲು ಹೊರಟ ಅವರು 1882ರಿಂದ 1887ರ ನಡುವೆ ನಡೆಸಿ, 1913ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರಿಂದ ಹಗ್ಗ ಎಳೆಸುವುದೂ ಒಂದಾಗಿತ್ತು. ಒಬ್ಬನೇ ಎಳೆದಾಗಿನ ಬಲವನ್ನು ನೂರೆಂದು ಇಟ್ಟುಕೊಂಡರೆ, ಇಬ್ಬರಾದಾಗ ಪ್ರತಿಯೊಬ್ಬನ ಬಲ 93ಕ್ಕೆ ಇಳಿಯಿತು. ನಾಲ್ವರಾದಾಗ ಅದು 77 ಆಯಿತು, ಎಂಟು ಮಂದಿ ಸೇರಿದಾಗ 49ಕ್ಕೆ ಬಂದು ನಿಂತಿತು. ಎಂಟು ಜನ ಎಳೆದರೂ ಫಲ ಸಿಕ್ಕಿದ್ದು ಹೆಚ್ಚುಕಡಿಮೆ ನಾಲ್ವರ ಶ್ರಮಕ್ಕೆ ಸಮನಾಗಿ.

ಎಲ್ಲರೂ ಒಂದೇ ಉಸಿರಿಗೆ ‘ಐಸಾ’ ಎಂದು ಎಳೆಯದಿದ್ದರೆ ಬಲ ಚದುರಿಹೋಗುತ್ತದೆ, ನಷ್ಟಕ್ಕೆ ಕಾರಣ ಮುಖ್ಯವಾಗಿ ಹೊಂದಾಣಿಕೆಯ ಕೊರತೆಯೇ ಹೊರತು ಮನಸ್ಸಿನ ಆಲಸ್ಯವಲ್ಲ ಎಂಬುದು ರಿಂಗೆಲ್ಮನ್ನರ ಊಹೆಯಾಗಿತ್ತು. ಅಮೆರಿಕದ ಸಂಶೋಧಕರು 1974ರಲ್ಲಿ ಈ ಊಹೆಯನ್ನು ಒರೆಗೆ ಹಚ್ಚಿದರು. ಕಣ್ಣಿಗೆ ಬಟ್ಟೆ ಕಟ್ಟಿದ ಒಬ್ಬನನ್ನು ಹಗ್ಗದ ಮೊದಲಿಗೆ ನಿಲ್ಲಿಸಿ, ಹಿಂದೆ ಇನ್ನೂ ಕೆಲವರು ಎಳೆಯುತ್ತಿದ್ದಾರೆಂದು ನಂಬಿಸಿ, ವಾಸ್ತವವಾಗಿ ಅವನೊಬ್ಬನಿಂದಲೇ ಎಳೆಸಿದಾಗ, ಹೊಂದಾಣಿಕೆಯ ಪ್ರಶ್ನೆಯೇ ಇಲ್ಲದಿದ್ದರೂ ಅವನ ಬಲ ಕುಗ್ಗಿತು. 1979ರಲ್ಲಿ ಬಿಬ್ ಲಾತಾನೆ ಮತ್ತು ಅವರ ಸಂಗಡಿಗರು ಇದೇ ಉಪಾಯವನ್ನು ಚಪ್ಪಾಳೆ ಮತ್ತು ಕೂಗಿಗೆ ಬಳಸಿದರು. ತಮ್ಮೊಡನೆ ಗುಂಪೊಂದು ಕೂಗುತ್ತಿದೆ ಎಂದು ನಂಬಿದವರ ಗಂಟಲು, ಒಬ್ಬರೇ ಕೂಗುವಾಗಿನಷ್ಟು ತೆರೆಯಲಿಲ್ಲ. ಎರಡು ವರ್ಷಗಳ ಅನಂತರ ಅದೇ ಬಳಗ ಇನ್ನೊಂದು ಸಂಗತಿಯನ್ನು ಕಂಡುಕೊಂಡಿತು, ಅದೇ ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು: ಗುಂಪಿನಲ್ಲಿದ್ದರೂ ತಮ್ಮ ಕೂಗನ್ನು ಬೇರೆಯಾಗಿ ಅಳೆಯಲಾಗುತ್ತಿದೆ ಎಂದು ತಿಳಿದವರು ಪೂರ್ತಿ ಬಲದಿಂದಲೇ ಕೂಗಿದರು. ಮೈಗಳ್ಳತನವನ್ನು ಕೆಲವರ ಹುಟ್ಟುಗುಣವೆಂದು ಬಗೆದು ಕೈಚೆಲ್ಲುವವರು ಈ ಫಲಿತಾಂಶವನ್ನು ಗಮನಿಸಬೇಕು. ತಮ್ಮ ಪಾಲು ಯಾರ ಕಣ್ಣಿಗೂ ಬೀಳದ ಕಡೆ ತಕ್ಕಮಟ್ಟಿಗೆ ಪ್ರಾಮಾಣಿಕರಾದವರೂ ಕೈ ಸಡಿಲಿಸುತ್ತಾರೆ.

ಕೈ ಸಡಿಲಿಸುವವರ ಮನಸ್ಸು ಹೀಗಾದರೆ, ಅವರ ಪಕ್ಕದಲ್ಲಿ ದುಡಿಯುವವರ ಮನಸ್ಸಿನ ಲೆಕ್ಕವೇ ಬೇರೆ. ಅಮೆರಿಕದ ಮನೋವಿಜ್ಞಾನಿ ಜೆ. ಸ್ಟೇಸಿ ಆಡಮ್ಸ್ 1960ರ ದಶಕದಲ್ಲಿ ಮಂಡಿಸಿದ ಸಮತಾ ಸಿದ್ಧಾಂತದ ಪ್ರಕಾರ, ಮನುಷ್ಯ ತನಗೆ ಸಿಕ್ಕಿದ್ದು ಎಷ್ಟೆಂಬುದನ್ನು ಮಾತ್ರ ನೋಡಿ ತೃಪ್ತನಾಗುವುದಿಲ್ಲ. ತಾನು ಹಾಕಿದ ಶ್ರಮಕ್ಕೂ ಪಡೆದ ಫಲಕ್ಕೂ ಇರುವ ಪ್ರಮಾಣವನ್ನು ಪಕ್ಕದವನ ಪ್ರಮಾಣದೊಡನೆ ತೂಗಿ ನೋಡುತ್ತಾನೆ, ತಕ್ಕಡಿ ವಾಲಿದರೆ ಕನಲುತ್ತಾನೆ. ನಾರ್ಬರ್ಟ್ ಕೆರ್ 1983ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಮುಂದಿನ ಹೆಜ್ಜೆಯನ್ನು ತೋರಿಸಿತು. ಜೊತೆಗಾರನಿಗೆ ಶಕ್ತಿಯಿದ್ದೂ ಅವನು ಸುಮ್ಮನೆ ಕೂತಿದ್ದಾನೆಂದು ಗೊತ್ತಾದಾಗ, ತಮಗೇ ನಷ್ಟವಾಗುವುದಾದರೂ ಜನ ತಮ್ಮ ಶ್ರಮವನ್ನು ತಗ್ಗಿಸಿದರು, ಏಕೆಂದರೆ ಇನ್ನೊಬ್ಬನ ಪಾಲಿನದನ್ನೂ ದುಡಿದು ಪೆದ್ದರೆನಿಸಿಕೊಳ್ಳುವುದು ಅವರಿಗೆ ಆ ನಷ್ಟಕ್ಕಿಂತ ದೊಡ್ಡದಾಗಿ ಕಂಡಿತ್ತು. ಜೊತೆಗಾರನಿಗೆ ನಿಜಕ್ಕೂ ಕೈಲಾಗುವುದಿಲ್ಲ ಎಂದಾದರೆ ಮಾತ್ರ ಮನಸ್ಸು ಅಷ್ಟು ಕಹಿಯಾಗುವುದಿಲ್ಲ. ಆದ್ದರಿಂದಲೇ ಆರೋಗ್ಯವಿಲ್ಲದ ಸಹೋದ್ಯೋಗಿಯ ಕಡತಗಳನ್ನು ತಿಂಗಳುಗಟ್ಟಲೆ ನೋಡಿಕೊಂಡವರೇ, ಗಟ್ಟಿಮುಟ್ಟಾದವನ ಒಂದು ಕಡತ ತಮ್ಮ ಮೇಜಿಗೆ ಬಂದು ಬಿದ್ದಾಗ ಸಿಡಿಮಿಡಿಗೊಳ್ಳುತ್ತಾರೆ.

ಶಾಲೆ ಕಾಲೇಜುಗಳ ಪ್ರವೇಶದ ದಿನಗಳಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆಂದು ಜನ ಸಾಲುಗಟ್ಟುವ ಕಚೇರಿಯೊಂದನ್ನು ಹತ್ತಿರದಿಂದ ನೋಡಿದರೆ ಈ ತಕ್ಕಡಿ ಎಷ್ಟು ವಾಲಬಲ್ಲದು ಎಂಬುದು ಅರ್ಥವಾಗುತ್ತದೆ. ಕಿಟಕಿಯ ಈಚೆ ಕೂತು ಅರ್ಜಿಯ ವಿವರಗಳನ್ನು ಒಂದೊಂದಾಗಿ ತುಂಬುತ್ತ, ಸರ್ವರ್ ಕೈಕೊಟ್ಟಾಗ ಜನರ ಬೈಗುಳವನ್ನೂ ಕೇಳಿಸಿಕೊಳ್ಳುತ್ತ, ಊಟದ ಡಬ್ಬಿಯನ್ನು ಮೂರು ಗಂಟೆಗೆ ತೆರೆಯುವವರು ಬಹಳ ಸಲ ಹೊರಗುತ್ತಿಗೆಯ ಆಪರೇಟರ್, ಅಂದರೆ ಏಜೆನ್ಸಿಯ ಮೂಲಕ ನೇಮಕವಾಗಿ, ಗುತ್ತಿಗೆ ನವೀಕರಣವಾದರಷ್ಟೇ ಮುಂದಿನ ವರ್ಷವೂ ಕೆಲಸದಲ್ಲಿ ಉಳಿಯುವ ನೌಕರರು. ಎರಡು ಮೇಜಿನ ಆಚೆ, ತುಟ್ಟಿಭತ್ಯೆ ತಡವಾಯಿತೆಂದೂ ಬಡ್ತಿಯ ಪಟ್ಟಿಯಲ್ಲಿ ಅನ್ಯಾಯವಾಯಿತೆಂದೂ ಚಹಾದ ಲೋಟ ಹಿಡಿದು ಮಾತಿಗೆ ಕೂತ ಕಾಯಂ ನೌಕರರೊಬ್ಬರ ಮುಂದೆ ಅದೇ ಬೆಳಗಿನ ಟಪಾಲು ಕಟ್ಟು ಬಿಚ್ಚದೆ ಇರುತ್ತದೆ. ಎಲ್ಲ ಕಚೇರಿಗಳೂ, ಎಲ್ಲ ಕಾಯಂ ನೌಕರರೂ ಹೀಗೆಂದರೆ ಅದು ಸುಳ್ಳು. ಖಾಲಿ ಬಿದ್ದ ಹುದ್ದೆಗಳ ಹೊರೆಯನ್ನೂ ಹೊತ್ತು ರಾತ್ರಿಯವರೆಗೆ ಕೂರುವವರು ಅವರಲ್ಲೂ ಇದ್ದಾರೆ. ಆದರೆ ಹೀಗಿರುವ ಕಡೆ, ದೂರುವ ಹಕ್ಕು ಎಲ್ಲರಿಗಿಂತ ಹೆಚ್ಚಾಗಿ ಯಾರಿಗಿದೆಯೋ ಅವರೇ ಬಾಯಿ ಬಿಡಲಾರದ ಸ್ಥಿತಿಯಲ್ಲಿರುತ್ತಾರೆ. ಗೊಣಗುವುದಕ್ಕೂ ಒಂದು ಭದ್ರತೆ ಬೇಕು. ಖಾಸಗಿ ಕಂಪನಿಗಳ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ಹಾಜರಿ ಪುಸ್ತಕದ ಬದಲು ಲ್ಯಾಪ್‌ಟಾಪ್ ಇರುತ್ತದೆ, ಟಪಾಲಿನ ಬದಲು ಇಮೇಲ್ ಇರುತ್ತದೆ.

ತಕ್ಕಡಿ ಹೀಗೆ ವಾಲುವುದರಲ್ಲಿ ಮೇಲಧಿಕಾರಿಗಳ ಪಾಲೂ ಸಣ್ಣದಲ್ಲ. ತುರ್ತು ಕೆಲಸ ಬಂದಾಗ ಅದನ್ನು ಮಾಡಿ ಮುಗಿಸುವವರಿಗೇ ಒಪ್ಪಿಸುವುದು ಅವರಿಗೆ ಸುಲಭ, ಒಪ್ಪದವನೊಡನೆ ವಾದಿಸುವುದು ಕಷ್ಟ. ಹೀಗೆ ಎಳೆಯುವ ಎತ್ತಿಗೇ ಹೊರೆ ಏರುತ್ತ ಹೋದಂತೆ, ಗೊಣಗಾಟವೇ ಕೆಲಸದಿಂದ ಪಾರಾಗುವ ಉಪಾಯವೆಂಬ ಪಾಠ ಇಡೀ ಕಚೇರಿಗೆ ಸಿಗುತ್ತದೆ. ವಿಲ್ ಫೆಲ್ಪ್ಸ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಒಂದು ತಂಡವನ್ನೇ ಕೆಡಿಸಬಲ್ಲ ಸದಸ್ಯನ ಮೂರು ಲಕ್ಷಣಗಳನ್ನು ಗುರುತಿಸಿದ್ದಾರೆ: ತನ್ನ ಪಾಲಿನ ಶ್ರಮ ಹಾಕದಿರುವುದು, ಸದಾ ಕಹಿಯನ್ನೇ ಹೊರಹಾಕುವುದು, ಜೊತೆಯವರೊಡನೆ ನಡೆದುಕೊಳ್ಳುವ ರೀತಿನೀತಿಗಳನ್ನು ಮುರಿಯುವುದು. ದುಡಿಯದೆ ದೂರುವವರಲ್ಲಿ ಮೊದಲಿನ ಎರಡು ಒಟ್ಟಿಗೇ ಇರುತ್ತವೆ, ಒಂದಕ್ಕೊಂದು ಆಸರೆಯಾಗಿಯೂ ಇರುತ್ತವೆ. ಸಂಸ್ಥೆ ತನಗೆ ಅನ್ಯಾಯ ಮಾಡಿದೆ ಎಂಬ ಮಾತನ್ನು ದಿನವೂ ಆಡಿಕೊಂಡವನಿಗೆ, ತಾನು ಕೆಲಸ ಮಾಡದಿರುವುದು ತಪ್ಪಾಗಿ ಕಾಣುವುದು ನಿಂತುಹೋಗುತ್ತದೆ.

ಸಿಟ್ಟಿಗೆದ್ದವರ ಲೆಕ್ಕವೂ ಯಾವಾಗಲೂ ಸರಿಯಿರುತ್ತದೆ ಎನ್ನಲಾಗದು. ಮೈಕೆಲ್ ರಾಸ್ ಮತ್ತು ಫಿಯೋರ್ ಸಿಕೋಲಿ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡ ಹೆಂಡತಿಯರನ್ನು ಬೇರೆ ಬೇರೆಯಾಗಿ ಕೇಳಿ, ಮನೆಯ ಕೆಲಸಗಳಲ್ಲಿ ತಮ್ಮ ಪಾಲೆಷ್ಟು ಎಂದು ಇಬ್ಬರೂ ಹೇಳಿದ್ದನ್ನು ಕೂಡಿಸಿದಾಗ, ಬಹುತೇಕ ದಂಪತಿಗಳಲ್ಲಿ ಮೊತ್ತ ನೂರನ್ನು ದಾಟಿತು. ತನ್ನ ಶ್ರಮ ತನಗೆ ನೆನಪಿರುವಷ್ಟು ಇನ್ನೊಬ್ಬರ ಶ್ರಮ ನೆನಪಿರುವುದಿಲ್ಲ. ಪಕ್ಕದ ಮೇಜಿನವರು ಫೋನಿನಲ್ಲಿ ಬಗೆಹರಿಸಿದ ಜಗಳವಾಗಲಿ, ಮನೆಗೆ ಒಯ್ದು ಮುಗಿಸಿದ ಲೆಕ್ಕವಾಗಲಿ ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಎಲ್ಲರ ಪಾಲೂ ಕಾಣುವಂತಿದ್ದರೆ ಮಾತ್ರ ಈ ತಪ್ಪು ಲೆಕ್ಕ ಸರಿಯಾದೀತು.

ಮಲೆನಾಡಿನ ರೈತರಿಗೆ ಈ ತಿಳಿವಳಿಕೆ ಪ್ರಯೋಗಾಲಯದಿಂದ ಬರಬೇಕಾಗಿರಲಿಲ್ಲ. ಅಲ್ಲಿಯ ಮುಯ್ಯಾಳು ಪದ್ಧತಿಯಲ್ಲಿ, ಅಂದರೆ ಕೂಲಿಯ ಹಣವಿಲ್ಲದೆ ಒಂದು ಮನೆಯವರು ಇನ್ನೊಂದು ಮನೆಯ ಗದ್ದೆಯಲ್ಲಿ ದುಡಿದು, ಅಷ್ಟೇ ದಿನದ ದುಡಿಮೆಯನ್ನು ಮರಳಿ ಪಡೆಯುವ ಏರ್ಪಾಟಿನಲ್ಲಿ, ಇಂದು ಮೈಗಳ್ಳತನ ಮಾಡಿದವರ ಗದ್ದೆಗೆ ನಾಳೆ ಬರುವ ಆಳೂ ಅಂಥದ್ದೇ. ನಾಟಿಯ ದಿನ ಹೆಂಗಸರು ಸಾಲಾಗಿ ಬಾಗಿ, ಎಡಗೈಯ ಸಸಿಯ ಕಟ್ಟಿನಿಂದ ಬಲಗೈಯಲ್ಲಿ ಕಿತ್ತು ಕೆಸರಿಗೆ ಊರುತ್ತ, ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತಾರೆ. ಅಕ್ಕಪಕ್ಕದವರು ಸರಿದು ಹೋದ ಮೇಲೂ ಕೈ ನಿಧಾನವಾದವಳು ಎರಡು ಹಸಿರು ಪಟ್ಟಿಗಳ ನಡುವೆ ಒಬ್ಬಳೇ ನಿಂತಿರುವುದು ಬದುವಿನ ಮೇಲಿನ ಮಗುವಿಗೂ ಕಾಣುತ್ತದೆ. ಅಲ್ಲಿ ಒಬ್ಬಳು ಸೊಂಟ ನೋವೆಂದರೆ ಆ ಮಾತನ್ನು ಎಲ್ಲರೂ ನಂಬುತ್ತಾರೆ, ಏಕೆಂದರೆ ಅವಳು ಬೆಳಗಿನಿಂದ ನೆಟ್ಟಿದ್ದನ್ನು ಎಲ್ಲರೂ ನೋಡಿದ್ದಾರೆ. ಪಕ್ಕದವಳು ಮಾತಾಡದೆ ಅವಳ ಪಟ್ಟಿಯ ನಾಲ್ಕು ಸಸಿಯನ್ನು ತಾನೇ ನೆಡುತ್ತಾಳೆ.

ಕಚೇರಿಯ ಕೆಲಸವನ್ನು ಹೀಗೆ ಕಾಣಿಸುವ ಯತ್ನ ಕರ್ನಾಟಕದಲ್ಲಿ ನಡೆದಿಲ್ಲವೆಂದಲ್ಲ. 2011ರ ನಾಗರಿಕ ಸೇವೆಗಳ ಖಾತರಿ ಕಾಯ್ದೆಯ ಅಡಿಯಲ್ಲಿ 2012ರಲ್ಲಿ ಜಾರಿಗೆ ಬಂದ ‘ಸಕಾಲ’ ಯೋಜನೆ, ಪ್ರತಿ ಅರ್ಜಿಗೂ ಒಂದು ಸಂಖ್ಯೆಯನ್ನೂ ವಿಲೇವಾರಿಗೆ ಒಂದು ಗಡುವನ್ನೂ ಗೊತ್ತುಮಾಡಿ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿಯ ಮಿತಿಯೊಳಗೆ ಅರ್ಜಿದಾರರಿಗೆ ಪರಿಹಾರ ಕೊಟ್ಟು ಅದನ್ನು ಹೊಣೆಗಾರರಿಂದ ವಸೂಲು ಮಾಡಲು ಅವಕಾಶ ಕಲ್ಪಿಸಿತು. ಮೇಜಿನ ಮೇಲೆ ಕಳೆದುಹೋಗುತ್ತಿದ್ದ ಕಡತಕ್ಕೆ ಇದರಿಂದ ಒಂದು ದಿನಾಂಕ ಸಿಕ್ಕಿತು, ಅದು ನಿಜವಾದ ಲಾಭ. ಆದರೆ ಗಡುವಿನೊಳಗೆ ಕೆಲಸ ಮುಗಿಯಿತೇ ಎಂಬುದನ್ನು ಹೇಳುವ ಪರದೆ, ಅದನ್ನು ಯಾರ ಕೈ ಮುಗಿಸಿತೆಂಬುದನ್ನು ಹೇಳುವುದಿಲ್ಲ. ಒಬ್ಬರ ಲಾಗಿನ್‌ನಲ್ಲಿ ಇನ್ನೊಬ್ಬರು ಕೂತು ದಿನದ ಅರ್ಜಿಗಳನ್ನೆಲ್ಲ ತೀರಿಸಿದಾಗ ದಾಖಲೆಯಲ್ಲಿ ಉಳಿಯುವುದು ಮೊದಲನೆಯವರ ಹೆಸರು. ಎರಡನೆಯವರು ಸಂಜೆ ಕಂಪ್ಯೂಟರ್ ಆರಿಸಿ, ಖಾಲಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೊರಡುವಾಗ ಅವರ ಹೆಸರಿನಲ್ಲಿ ಆ ದಿನ ಏನೂ ನಡೆದಿರುವುದಿಲ್ಲ.