ದುರ್ಬೀನಿನ ಹಿಂತುದಿಯ ಗಾಜು

1799ರ ಏಪ್ರಿಲ್ ತಿಂಗಳಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಲು ಬಂದಿದ್ದ ಬ್ರಿಟಿಷ್ ಸೇನೆಯ ತುಕಡಿಯೊಂದು ಜನರಲ್ ಬೇರ್ಡನ ಮುಂದಾಳುತನದಲ್ಲಿ ಇರುಳು ನಡೆಯುತ್ತಿದ್ದಾಗ, ದಿಕ್ಕು ತಪ್ಪಿ ಟಿಪ್ಪುವಿನ ಪಡೆಗಳತ್ತಲೇ ಸಾಗುತ್ತಿರುವುದನ್ನು ನಕ್ಷತ್ರಗಳ ನೆಲೆಯಿಂದ ಅರಿತು ಎಚ್ಚರಿಸಿದವನು ವಿಲಿಯಂ ಲ್ಯಾಂಬ್ಟನ್ ಎಂದು ಆ ಯುದ್ಧದ ವೃತ್ತಾಂತಗಳು ಹೇಳುತ್ತವೆ. ಬರಿಗಣ್ಣಿನಿಂದ ಸೇನೆಯನ್ನು ಕಾಪಾಡಿದ ಈ ಅಧಿಕಾರಿಯೇ ಮರುವರ್ಷದ ಕೊನೆಯಲ್ಲಿ ಬೆಂಗಳೂರಿನ ಬಳಿ ನೂರಡಿಯ ಉಕ್ಕಿನ ಸರಪಣಿ ಹಿಡಿದು ಆಧಾರರೇಖೆಯನ್ನಳೆದನು. ಮುಂದೆ ದೊಡ್ಡಗುಂಟೆಯಲ್ಲಿ ನಕ್ಷತ್ರಗಳನ್ನು ವೀಕ್ಷಿಸಿ ಅಕ್ಷಾಂಶವನ್ನು ನಿರ್ಣಯಿಸಿದನು. ಚೀನಾ ಚಕ್ರವರ್ತಿಗೆಂದು ಹೊರಟು, ಅಲ್ಲಿ ಸಲ್ಲದೆ, ಕೊನೆಗೆ ಮೈಸೂರು ಸೀಮೆಯ ನೆಲವನ್ನಳೆಯಲು ಬಂದ ಆ ಸರಪಣಿಯನ್ನೂ, ಅವನ ಖಗೋಳವೀಕ್ಷಣೆಯ ಮುಖ್ಯ ಯಂತ್ರವನ್ನೂ ನಿರ್ಮಿಸಿದವನು ಲಂಡನ್ನಿನ ಜೆಸ್ಸಿ ರಾಮ್ಸ್‌ಡೆನ್.

ರಾಮ್ಸ್‌ಡೆನ್ನನ ಹೆಸರು ಇಂದಿಗೂ ಉಳಿದಿರುವುದು ಆತನ ಸರಪಣಿಯಿಂದಲ್ಲ, 1783ರಲ್ಲಿ ಪ್ರಕಟಿಸಿದ ಒಂದು ನೇತ್ರಕದಿಂದ. ದೂರದರ್ಶಕದ ಮುಂದಿನ ಗಾಜು ಅಥವಾ ದರ್ಪಣವು ದೂರದ ವಸ್ತುವಿನ ಬಿಂಬವನ್ನು ರಚಿಸುವುದಷ್ಟೇ. ಆ ಬಿಂಬವನ್ನು ಹಿಗ್ಗಿಸಿ ನಮ್ಮ ಕಣ್ಣಿಗೆ ಒಪ್ಪಿಸತಕ್ಕದ್ದು ಹಿಂತುದಿಯ ನೇತ್ರಕ, ಇಂದಿನ ಹವ್ಯಾಸಿಗಳ ಮಾತಿನಲ್ಲಿ ಐಪೀಸ್. ಎರಡು ಸಮತಲ-ಪೀನ ಮಸೂರಗಳ ಉಬ್ಬುಮೈಗಳನ್ನು ಎದುರುಬದುರಾಗಿರಿಸಿದ ರಾಮ್ಸ್‌ಡೆನ್ನನ ರಚನೆಯಲ್ಲಿ ಬಿಂಬವು ಮಸೂರಗಳ ಹೊರಗೆ ಬೀಳುತ್ತಿದ್ದುದರಿಂದ, ಜೇಡನ ಎಳೆಗಳನ್ನು ಅಡ್ಡಲಾಗಿ ಕಟ್ಟಿ, ನಕ್ಷತ್ರವನ್ನೂ ಎಳೆಯನ್ನೂ ಒಂದೇ ಸ್ಫುಟತೆಯಲ್ಲಿ ಕಾಣುವುದು ಸಾಧ್ಯವಾಯಿತು. ಭೂಮಾಪಕನಿಗೆ ಬೇಕಾದುದು ಅಷ್ಟೇ. ಆಕಾಶದ ವೈಶಾಲ್ಯ ಅವನಿಗೇತಕ್ಕೆ?

ಆದರೆ ಆಕಾಶವನ್ನು ಆಕಾಶಕ್ಕಾಗಿಯೇ ನೋಡುವವನ ಬೇಡಿಕೆಗಳು ಮೂರು: ಸ್ಫುಟತೆ, ಬೆಳಕು-ಕತ್ತಲೆಗಳ ವೈದೃಶ್ಯ, ವಿಸ್ತಾರವಾದ ದೃಷ್ಟಿಕ್ಷೇತ್ರ. ಗೆಲಿಲಿಯೊ ಬಳಸಿದ ನಿಮ್ನಮಸೂರದ ನೇತ್ರಕದಲ್ಲಿ ಪೂರ್ಣಚಂದ್ರನು ಒಮ್ಮೆಗೇ ಕಾಣಿಸುತ್ತಿರಲಿಲ್ಲ. 1611ರಲ್ಲಿ ಕೆಪ್ಲರನು ಪೀನಮಸೂರವನ್ನು ಸೂಚಿಸಿದ ಮೇಲೆ ಕ್ಷೇತ್ರವೇನೋ ಹಿಗ್ಗಿತು, ದೃಶ್ಯ ತಲೆಕೆಳಗಾಯಿತು, ಅಂಚಿನಲ್ಲಿ ಬಣ್ಣ ಹರಡಿತು. ಹೈಗೆನ್ಸನು 1660ರ ದಶಕದಲ್ಲಿ ಎರಡು ಮಸೂರಗಳನ್ನು ತಕ್ಕ ಅಂತರದಲ್ಲಿ ನಿಲ್ಲಿಸಿ ಆ ಬಣ್ಣವನ್ನು ಬಹಳಮಟ್ಟಿಗೆ ಅಡಗಿಸಿದನು. ಕೆಲ್ನರ್ 1849ರಲ್ಲಿ, ವಿಯೆನ್ನಾದ ಪ್ಲೋಸ್ಸಲ್ 1860ರಲ್ಲಿ, ಜೈಸ್ ಕಾರ್ಖಾನೆಯ ಅಬ್ಬೆ 1880ರಲ್ಲಿ ಗಾಜಿಗೆ ಗಾಜನ್ನು ಅಂಟಿಸಿ ಉತ್ತರೋತ್ತರ ಶುದ್ಧವಾದ ಬಿಂಬಗಳನ್ನು ಪಡೆದರು. ಅಬ್ಬೆಯ ಆರ್ಥೋಸ್ಕೋಪಿಕ್ ನೇತ್ರಕವನ್ನು ಗ್ರಹವೀಕ್ಷಕರು ಇಂದಿಗೂ ಜೋಪಾನವಾಗಿ ಇರಿಸಿಕೊಳ್ಳುವುದುಂಟು.

ಇನ್ನಷ್ಟು ಗಾಜು ಸೇರಿಸಿ ಇನ್ನಷ್ಟು ಆಕಾಶವನ್ನು ಪಡೆಯಬಾರದೇಕೆ ಎಂದರೆ, ಗಾಳಿಗೆ ತೆರೆದ ಪ್ರತಿಯೊಂದು ಗಾಜಿನ ಮೈಯೂ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇಕಡಾ 4 ಭಾಗವನ್ನು ಹಿಂದಕ್ಕೆಸೆಯುತ್ತದೆ. ಅಂತಹ ಆರು ಮೈಗಳಿದ್ದರೆ ಐದರಲ್ಲೊಂದು ಪಾಲಿಗೂ ಮಿಕ್ಕ ಬೆಳಕು ಸೋರುವುದು. ಸೋರಿದುದು ಸುಮ್ಮನೆ ತೊಲಗದೆ, ಒಳಗೇ ಪ್ರತಿಫಲಿಸಿ, ಗುರುಗ್ರಹದ ಪಕ್ಕದಲ್ಲಿ ಇಲ್ಲದ ಇನ್ನೊಂದು ಗುರುವನ್ನು ತೋರಿಸುವುದು, ಕಪ್ಪಾಗಿರಬೇಕಾದ ಆಕಾಶವನ್ನು ಮಬ್ಬಾಗಿಸುವುದು. 1935ರಲ್ಲಿ ಜೈಸ್ ಸಂಸ್ಥೆಯ ಸ್ಮಾಕುಲ ಗಾಜಿನ ಮೇಲೆ ಅತಿ ತೆಳುವಾದ ಪ್ರತಿಫಲನ ನಿರೋಧಕ ಲೇಪವನ್ನು ಕೂರಿಸುವ ವಿಧಾನವನ್ನು ಕಂಡುಹಿಡಿಯದೆ ಹೋಗಿದ್ದರೆ, ವಿಶಾಲ ನೇತ್ರಕಗಳ ಕಥೆ ಬಹುಶಃ ಅಲ್ಲಿಗೇ ನಿಲ್ಲುತ್ತಿತ್ತು. ನನ್ನ ಮಟ್ಟಿಗೆ ಈ ಇತಿಹಾಸದ ನಿಜವಾದ ತಿರುವು ಯಾವ ಮಸೂರವೂ ಅಲ್ಲ, ಈ ಲೇಪವೇ. ಅಪೋಲೊ ಗಗನಯಾತ್ರಿಗಳ ತರಬೇತಿಗಾಗಿ ಚಂದ್ರಾವತರಣದ ದೃಶ್ಯಯಂತ್ರವನ್ನು ರಚಿಸಿದ ಅನುಭವವಿದ್ದ ಅಮೆರಿಕದ ಆಲ್ ನ್ಯಾಗ್ಲರ್ 1980ರ ಸುಮಾರಿಗೆ 82 ಡಿಗ್ರಿ ತೋರಿಕೆಯ ಕ್ಷೇತ್ರವುಳ್ಳ (ಅಂದರೆ ನೇತ್ರಕದೊಳಗೆ ಕಣ್ಣಿಗೆ ತೋರುವ ವೃತ್ತದ ಅಗಲ; ಇದನ್ನು ವರ್ಧನೆಯಿಂದ ಭಾಗಿಸಿದರೆ ನಿಜವಾಗಿ ಕಾಣುವ ಆಕಾಶ) ನೇತ್ರಕವನ್ನು ಹೊರತಂದಾಗ, ಅದರೊಳಗೆ ಏಳು ಮಸೂರಗಳಿದ್ದವು.

ಇವುಗಳನ್ನು ತೂಗಿನೋಡಲು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯಂತಹ ಊರಿನ ಇರುಳು ಪ್ರಶಸ್ತವಾದುದು. (ಬೆಂಗಳೂರಿನ ಬೀದಿಗಳಿಗೆ 1905ರಲ್ಲಿ ವಿದ್ಯುದ್ದೀಪವನ್ನಿತ್ತು, ಕಾಲಕ್ರಮದಲ್ಲಿ ಆ ನಗರದ ನಕ್ಷತ್ರಗಳನ್ನು ಓಡಿಸಿದ ವ್ಯವಹಾರ ಆರಂಭವಾದುದು ಬೆಳಕವಾಡಿಯ ನೆರೆಯ ಶಿವನಸಮುದ್ರದಲ್ಲೇ ಎಂಬುದು ವಿನೋದದ ಸಂಗತಿ.) ಇಲ್ಲಿಯ ಅಕ್ಷಾಂಶ ಸುಮಾರು ಹನ್ನೆರಡೂಕಾಲು ಡಿಗ್ರಿ, ಯುರೋಪಿನ ಬಹುಭಾಗಕ್ಕೆ ಕಾಣಿಸದ, ಕಿನ್ನರ ರಾಶಿಯ ಒಮೇಗಾ ಸೆಂಟಾರಿ ಎಂಬ ಗೋಳಾಕಾರದ ನಕ್ಷತ್ರಗುಚ್ಛವು ಮೇ ತಿಂಗಳ ರಾತ್ರಿ ತೆಂಕಣ ದಿಗಂತದಿಂದ 30 ಡಿಗ್ರಿ ಎತ್ತರಕ್ಕೆ ಬಂದು ನಿಲ್ಲುತ್ತದೆ. ಅದರ ಅಗಲ ಚಂದ್ರಬಿಂಬಕ್ಕಿಂತ ತುಸು ಹೆಚ್ಚು. 150 ಮಿಲಿಮೀಟರ್ ವ್ಯಾಸದ, 1200 ಮಿಲಿಮೀಟರ್ ಸಂಗಮ ದೂರದ ದರ್ಪಣಕ್ಕೆ 25 ಮಿಲಿಮೀಟರಿನ ಪ್ಲೋಸ್ಸಲ್ ಹಾಕಿದರೆ ವರ್ಧನೆ 48 ಪಟ್ಟು, ಕಾಣುವ ಆಕಾಶ ಒಂದು ಡಿಗ್ರಿ. ಗುಚ್ಛವು ಸುಖವಾಗಿ ಹಿಡಿಯುತ್ತದೆ, ಹಿನ್ನೆಲೆ ಮಾತ್ರ ಬೂದು. 13 ಮಿಲಿಮೀಟರಿನ ಪ್ಲೋಸ್ಸಲ್ ಹಾಕಿದರೆ ವರ್ಧನೆ 92 ಪಟ್ಟಾಗಿ ಹಿನ್ನೆಲೆ ಮೂರು ಪಟ್ಟಿಗೂ ಹೆಚ್ಚು ಕಪ್ಪಾಗುತ್ತದೆ, ಆದರೆ ಗುಚ್ಛದ ಅಂಚು ಕತ್ತರಿಸಿಹೋಗುತ್ತದೆ. ಅದೇ 13ರ ನ್ಯಾಗ್ಲರಿನಲ್ಲಿ ಕಪ್ಪೂ ಉಂಟು, ಇಡೀ ಗುಚ್ಛವೂ ಉಂಟು. ವಿಸ್ತಾರವು ವೈದೃಶ್ಯಕ್ಕೆ ಶತ್ರುವೆಂದು ಹಿಂದಿನವರು ಭಾವಿಸಿದ್ದರೆ, ಲೇಪ ಬಂದ ಮೇಲೆ ಅದೇ ವೈದೃಶ್ಯಕ್ಕೆ ದಾರಿಯಾಯಿತು.

ಮಾರಾಟಗಾರರು ಹೇಳುವ ಡಿಗ್ರಿಗಳನ್ನು ನಂಬಬೇಕಾದ ಅವಶ್ಯಕತೆಯಿಲ್ಲ. ಮಹಾವ್ಯಾಧನ ನಡುಪಟ್ಟಿಯ ಮಿಂಟಾಕ ನಕ್ಷತ್ರವು ಖಗೋಳದ ವಿಷುವದ್ವೃತ್ತಕ್ಕೆ ಅತ್ಯಂತ ಸಮೀಪದಲ್ಲಿದೆ. ಕೊಳವೆಯನ್ನು ಅಲುಗಿಸದೆ, ಅದು ಕ್ಷೇತ್ರದ ಒಂದು ಅಂಚಿನಿಂದ ನಡುವಿನ ಮೂಲಕ ಇನ್ನೊಂದು ಅಂಚಿಗೆ ಸರಿಯುವ ನಿಮಿಷಗಳನ್ನು ನಾಲ್ಕರಿಂದ ಭಾಗಿಸಿದರೆ ನಿಜವಾದ ಕ್ಷೇತ್ರ ದೊರೆಯುತ್ತದೆ. ಹಾಗೆ ಸರಿಯುತ್ತಿರುವಾಗಲೇ, ನಡುವಿನಲ್ಲಿ ಚುಕ್ಕಿಯಾಗಿದ್ದ ನಕ್ಷತ್ರ ಅಂಚಿನಲ್ಲಿ ಬಾಲ ಬಿಡುವುದೇ ಎಂದೂ ನೋಡಬಹುದು; ಸಂಗಮ ದೂರ ಕಡಿಮೆಯಿರುವ ದರ್ಪಣಗಳಲ್ಲಿ ಆ ಬಾಲ ದರ್ಪಣದ ದೋಷವಾಗಿದ್ದು, ನಿಂದೆ ಮಾತ್ರ ನೇತ್ರಕಕ್ಕೆ ಸಲ್ಲುವುದುಂಟು.

ಗ್ರಹಗಳ ಮಾತು ಬೇರೆ. ಗುರುವಿನ ಪಟ್ಟೆಗಳಿಗೆ ನಡುವಿನ ಸ್ಫುಟತೆಯೊಂದಿದ್ದರೆ ಸಾಕು; ಕಡಿಮೆ ಗಾಜಿನ, ಕಡಿಮೆ ಬೆಲೆಯ ಆರ್ಥೋಸ್ಕೋಪಿಕ್ ಅಲ್ಲಿ ಯಾರಿಗೂ ಸೋಲದು. ಆದರೂ ಹಳ್ಳಿಯ ಶಾಲೆಯ ಅಂಗಳದಲ್ಲಿ, ಆಕಾಶದೊಡನೆ ತಿರುಗುವ ಯಂತ್ರವಿಲ್ಲದ ದೂರದರ್ಶಕದ ಮುಂದೆ ಮಕ್ಕಳು ಸಾಲುಗಟ್ಟಿ ನಿಂತಾಗ, 200 ಪಟ್ಟು ವರ್ಧನೆಯಲ್ಲಿ 50 ಡಿಗ್ರಿಯ ನೇತ್ರಕದಿಂದ ಗುರುವು ಒಂದೇ ನಿಮಿಷಕ್ಕೆ ಜಾರಿಹೋಗುತ್ತದೆ. 82 ಡಿಗ್ರಿಯದರಲ್ಲಿ ಇನ್ನೂ ಸುಮಾರು ನಲವತ್ತು ಸೆಕೆಂಡು ನಿಲ್ಲುತ್ತದೆ, ಅಷ್ಟರಲ್ಲಿ ಮೇಷ್ಟರು ಕೊಳವೆಯನ್ನು ಮುಟ್ಟದೆಯೇ ಇನ್ನೊಬ್ಬ ಹುಡುಗಿಯ ಸರದಿ ಮುಗಿದಿರುತ್ತದೆ.