ಕರ್ತನು ಎಷ್ಟರ ಮಟ್ಟಿಗೆ ಸ್ವತಂತ್ರನು?

‘ಹಣೆಯಲ್ಲಿ ಬರೆದಂತೆ ಆಗುವುದು’ ಎಂಬ ಮಾತು ನಮ್ಮ ಹಾನಗಲ್ಲ, ಹಿರೇಕೆರೂರ ಕಡೆಯ ಕಟ್ಟೆಗಳ ಮೇಲೆ ಇಂದಿಗೂ ಕೇಳಬರುವುದು. ಹೊಸ ವಿದ್ಯಾವಂತರು ಹಣೆಬರಹವೆನ್ನದೆ ‘ಪರಿಸರ’, ‘ಸಮಾಜ’ ಎನ್ನುವರು; ಸಿದ್ಧಾಂತವು ಮಾತ್ರ ಅದೇ. ಪಾಣಿನಿಯಾದರೋ ಕ್ರಿಯೆಯಲ್ಲಿ ಸ್ವತಂತ್ರನಾದವನಿಗೇ ಕರ್ತೃವೆಂಬ ಹೆಸರನ್ನಿಟ್ಟನು. ಗೀತೆಯ ಹದಿನೆಂಟನೆಯ ಅಧ್ಯಾಯವು ಪ್ರತಿಯೊಂದು ಕರ್ಮಕ್ಕೂ ಐದು ಕಾರಣಗಳನ್ನೆಣಿಸಿ, ಕರ್ತೃವನ್ನು ಅವುಗಳಲ್ಲೊಂದೆಂದಷ್ಟೇ ಹೇಳುತ್ತದೆ. ಮುದಿ ಮಾಸ್ತರನು ವ್ಯಾಕರಣಕ್ಕಿಳಿದನೆಂದು ವಾಚಕರು ಬೇಸರಪಡಬಾರದು. ನಮ್ಮ ನೆಲದ ಸಂಗತಿಯನ್ನೇ ಹೇಳುತ್ತೇನೆ.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗದಿಗೆಯ್ಯನೆಂಬ ಕೂಸು ಹುಟ್ಟಿತು, ಹುಟ್ಟುಗುರುಡು. ಒಡಹುಟ್ಟಿದ ಗುರುಬಸವಯ್ಯನಿಗೂ ಕಣ್ಣಿರಲಿಲ್ಲ. ಅಂಥ ಮಕ್ಕಳಿಗೆ ಅಂದಿನ ಹಳ್ಳಿಯಲ್ಲಿ ಭಿಕ್ಷೆಯ ಹೊರತು ಬೇರೆ ದಾರಿಯೆಲ್ಲಿತ್ತು? ಆದರೆ ಈ ಸೋದರರ ಹಾಡು ಹಾನಗಲ್ಲ ಮಠದ ಕುಮಾರಸ್ವಾಮಿಗಳ ಕಿವಿಗೆ ಬಿದ್ದಿತು. ಅವರು ಇಬ್ಬರನ್ನೂ ಕರೆಸಿಕೊಂಡು ಅನ್ನವನ್ನಿಕ್ಕಿ ಸಂಗೀತವನ್ನು ಕಲಿಸಿದರು. ಆ ಗದಿಗೆಯ್ಯನೇ ಮುಂದೆ ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ಪಳಗಿದ ಪಂಚಾಕ್ಷರಿ ಗವಾಯಿಗಳು.

ಇದರಲ್ಲಿ ಅವರ ಸ್ವಂತದ್ದೆಷ್ಟು? ಮಠವು ಗುರುವನ್ನು ಕೊಟ್ಟೀತು. ನಸುಕಿನಲ್ಲೆದ್ದು ಒಂದೇ ಸ್ವರವನ್ನು ನೂರು ಸಲ ತಿದ್ದಿಕೊಳ್ಳುವ ಹಟವನ್ನು ಯಾವ ಮಠವೂ ಕೊಡಲಾರದು. ಹಾಗೆಂದು ಬರಿಯ ಹಟದಿಂದ ಗುರುವು ಮನೆಬಾಗಿಲಿಗೆ ಬರುವನೆ?

ಅದೇ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಪುಟ್ಟರಾಜರು ಎಳವೆಯಲ್ಲಿಯೇ ಕಣ್ಣು ಕಳೆದುಕೊಂಡರು. ಸೋದರಮಾವನ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಹುಡುಗನ ಬೆರಳಾಡುವುದನ್ನು ಕಂಡು, ಆ ಮಾವನು ಅವರನ್ನು ಪಂಚಾಕ್ಷರಿಗಳಿಗೊಪ್ಪಿಸಿದನು. ಕುಮಾರಸ್ವಾಮಿಗಳ ಸಂಕಲ್ಪವು ಪಂಚಾಕ್ಷರಿಗಳ ಪರಿಸರವಾಯಿತು. ಪಂಚಾಕ್ಷರಿಗಳ ಸಂಕಲ್ಪವು ಪುಟ್ಟರಾಜರ ಪರಿಸರವಾಯಿತು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಗದಗಿನ ವೀರೇಶ್ವರ ಪುಣ್ಯಾಶ್ರಮದ ಭಾರವನ್ನು ಹೊತ್ತ ಪುಟ್ಟರಾಜರು, 2010ರಲ್ಲಿ ತಾವು ದೇಹವನ್ನಿಡುವವರೆಗೆ ಅಸಂಖ್ಯ ಅಂಧಬಾಲಕರಿಗೆ ಆಸರೆಯಾದರು. ‘ಪರಿಸರವೇ ಸರ್ವಸ್ವವು’ ಎನ್ನುವವರು, ಆ ಪರಿಸರವನ್ನು ಕಟ್ಟಿದವರಾರೆಂದು ಕೇಳುವುದನ್ನು ಮರೆಯುತ್ತಾರೆ.

ನಾನೂ ಮರೆತಿದ್ದೆನು. ಹಿರೇಕೆರೂರ ಕಡೆಯ ಹಳ್ಳಿಯ ಶಾಲೆಯೊಂದರಲ್ಲಿದ್ದಾಗ ರೈತನೊಬ್ಬನು ತನ್ನ ಕುರುಡು ಮಗನ ಕೈಹಿಡಿದು ಬಂದು, “ಇಂವಗ ಏನರ ದಾರಿ ಐತೇನ್ರೀ ಮಾಸ್ತರ?” ಎಂದು ಕೇಳಿದನು. “ಪ್ರಾರಬ್ಧವಪ್ಪಾ, ಯಾರೇನು ಮಾಡಲಿಕ್ಕಾಗುತ್ತದೆ?” ಎಂದು ಕಳುಹಿಬಿಟ್ಟೆನು. ಗದಗು ಅಲ್ಲಿಂದ ಒಂದು ದಿನದ ದಾರಿಯೂ ಅಲ್ಲ. ಆಶ್ರಮದಲ್ಲಿ ಪುಟ್ಟರಾಜರು ಆಗ ಇನ್ನೂ ಇದ್ದರು. ಹುಡುಗನು ಬಾಗಿಲ ಚೌಕಟ್ಟನ್ನು ತಡವುತ್ತ ಮೆಟ್ಟಲಿಳಿದು ಹೋದನು. ಅವನ ಹೆಸರನ್ನು ಸಹ ನಾನು ಕೇಳಿರಲಿಲ್ಲ.